ವಂದನೀಯ ಹೆನ್ರಿ ಹೆರಾಸ್ ಸ್ವಾಮಿಗಳು

ವಿಜಯನಗರದ ಕೊನೆಯ ಅರಸುಮನೆತನದ ಚರಿತ್ರೆಯನ್ನು ವಿಸ್ತಾರವಾಗಿ ಬರೆದವರು ಯೇಸುಸಭೆಯ ಗುರುಗಳೊಬ್ಬರೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಹೆರಾಸ್ ಸ್ವಾಮಿಗಳು 1888ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜನಿಸಿ, 1922ರಲ್ಲಿ ಮುಂಬಯಿಯ ಸಂತ ಝೇವಿಯರ್ ಕಾಲೇಜಿಗೆ ಬಂದರು. ಭಾರತದ ಇತಿಹಾಸ ತಮಗೆ ತಿಳಿಯದೆಂದೇ ಅದನ್ನು ಬೋಧಿಸಲು ಆರಿಸಿಕೊಂಡರಂತೆ! 1926ರಲ್ಲಿ ಅಲ್ಲಿಯೇ ಇತಿಹಾಸ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷ ಅರವೀಡು ವಂಶವನ್ನು ಕುರಿತ ಗ್ರಂಥವನ್ನು ಹೊರತಂದರು.

1565ರಲ್ಲಿ ತಾಳಿಕೋಟೆಯ ಯುದ್ಧದಲ್ಲಿ ದಕ್ಖನ್ನಿನ ಸುಲ್ತಾನರೆದುರು ಸೋತ ಮೇಲೂ ಸಾಮ್ರಾಜ್ಯ ಉಳಿದ ಬಗೆಯನ್ನು ಅವರು ಅದರಲ್ಲಿ ನಿರೂಪಿಸಿದರು. ಶಾಸನಗಳನ್ನೂ ಮುಸಲ್ಮಾನ ಚರಿತ್ರಕಾರರನ್ನೂ ಮಾತ್ರವಲ್ಲದೆ, 1598ರಲ್ಲಿ ಚಂದ್ರಗಿರಿಗೆ, ಇಮ್ಮಡಿ ವೆಂಕಟಪತಿರಾಯನ ಆಸ್ಥಾನಕ್ಕೆ, ಹೋದ ಯೇಸುಸಭೆಯವರ ಪತ್ರಗಳನ್ನೂ ಒರೆಗೆ ಹಚ್ಚಿದರು. ಧರ್ಮಪ್ರಚಾರಕರ ಓಲೆಗಳು ಹಿಂದೂ ಅರಸನ ಆಳ್ವಿಕೆಗೆ ಸಾಕ್ಷಿಯಾದುದು ನಮಗೆ ಸೋಜಿಗವೇ ಸರಿ. ಸಿಂಧೂ ಲಿಪಿಯನ್ನು ಓದಿದೆನೆಂಬ ಅವರ ವಾದವನ್ನು ಮಾತ್ರ ವಿದ್ವಾಂಸರು ಒಪ್ಪಿಲ್ಲ.

1955ರಲ್ಲಿ ಮುಂಬಯಿಯಲ್ಲಿಯೇ ದೈವಾಧೀನರಾದರು. ಸಂಸ್ಥೆಗೆ ಇಂದು ಅವರದೇ ಹೆಸರು.