ಸರ್ ಹೊರೇಸ್ ಪ್ಲಂಕೆಟ್

ಸಹಕಾರ ಚಳವಳಿಯ ಇತಿಹಾಸವನ್ನು ಅಭ್ಯಸಿಸುವವರಿಗೆ ಐರ್ಲೆಂಡಿನ ಹೊರೇಸ್ ಪ್ಲಂಕೆಟ್ಟರ ಹೆಸರು ಚಿರಪರಿಚಿತವಾದುದು. ಅವರು 1854ರಲ್ಲಿ ಡನ್ಸೇನಿ ಪ್ರಭುಗಳ ಮನೆತನದಲ್ಲಿ ಜನಿಸಿದರು. ಈಟನ್ ಮತ್ತು ಆಕ್ಸ್‌ಫರ್ಡುಗಳಲ್ಲಿ ವಿದ್ಯಾಭ್ಯಾಸವಾಯಿತು. ದೇಹಸ್ಥಿತಿ ಸರಿಯಿಲ್ಲದ ಕಾರಣ 1879ರಲ್ಲಿ ಅಮೆರಿಕದ ವಯೋಮಿಂಗಿಗೆ ಹೋಗಿ, ಅಲ್ಲಿ ಹತ್ತು ವರ್ಷ ದನಗಳನ್ನು ಸಾಕಿಕೊಂಡಿದ್ದರು. ತಂದೆ ತೀರಿಕೊಂಡ ಮೇಲೆ 1889ರಲ್ಲಿ ಸ್ವದೇಶಕ್ಕೆ ಮರಳಿದರು.

ಆಗ ಐರಿಷ್ ರೈತನ ಬೆಣ್ಣೆಗೆ ಕೇಡುಗಾಲ ಬಂದಿತ್ತು. ಮನೆಮನೆಯಲ್ಲಿ ಕಡೆದ ಬೆಣ್ಣೆ; ಒಂದು ಮನೆಯದರ ಬಣ್ಣ, ಉಪ್ಪು, ರುಚಿ ಇನ್ನೊಂದು ಮನೆಯದಕ್ಕೆ ಹೊಂದುತ್ತಿರಲಿಲ್ಲ. ಡೆನ್ಮಾರ್ಕಿನ ರೈತರಾದರೋ 1882ರಿಂದಲೇ ಊರೂರಿಗೆ ಸಂಘ ಕಟ್ಟಿಕೊಂಡು, ಕೆನೆ ಬೇರ್ಪಡಿಸುವ ಯಂತ್ರವಿಟ್ಟು, ಒಂದೇ ಗುಣದ ಬೆಣ್ಣೆಯನ್ನು ಇಂಗ್ಲೆಂಡಿನ ಪೇಟೆಗೆ ಕಳುಹಿಸುತ್ತಿದ್ದರು. ಯಂತ್ರ ಐರ್ಲೆಂಡಿಗೂ ಬಂದೇ ಬರುವುದು. ಅದು ವ್ಯಾಪಾರಿಯ ಕೈಸೇರಿದರೆ ರೈತನು ಅವನು ಕೊಟ್ಟಷ್ಟನ್ನು ಈಸಿಕೊಳ್ಳಬೇಕಾದೀತು. ಆದುದರಿಂದ ಕಾರ್ಖಾನೆ ಹಾಲು ಕೊಡುವವರದೇ ಆಗಿರಬೇಕೆಂದು ಪ್ಲಂಕೆಟ್ಟರು ನಿಶ್ಚಯಿಸಿದರು. ರೈತರೇ ಷೇರು ಹಾಕುವುದು, ಒಬ್ಬನಿಗೆ ಒಂದೇ ಮತ, ಕೆನೆ ತೆಗೆದ ಹಾಲು ಕರುಗಳಿಗೂ ಹಂದಿಗಳಿಗೂ ಮರಳಿ ಮನೆಗೆ: ವ್ಯವಸ್ಥೆ ಇಷ್ಟು ಸರಳ.

ಹೇಳುವುದಕ್ಕೆ ಸರಳ! ಜಮೀನುದಾರರ ಮಗ, ಅದರಲ್ಲಿಯೂ ಪ್ರಾಟೆಸ್ಟೆಂಟ್. ಕ್ಯಾಥೊಲಿಕ್ ರೈತರು ನಂಬುವುದು ಹೇಗೆ? ಐವತ್ತು ಸಭೆಗಳನ್ನು ನಡೆಸಿದರೂ ಒಂದು ಸಂಘವೂ ಹುಟ್ಟಲಿಲ್ಲ. ರಾತ್‌ಕೀಲ್ ಎಂಬ ಊರಿನಲ್ಲಿ ವಕೀಲನೊಬ್ಬನು, ಬೆಣ್ಣೆಯನ್ನು ರಾಷ್ಟ್ರೀಯ ಪಕ್ಷದ ತತ್ವಗಳಂತೆ ತಯಾರಿಸುವುದಾದರೆ ಸರಿ, ಇಲ್ಲವಾದರೆ ಬೆಣ್ಣೆಯೇ ಬೇಡವೆಂದು ಸಭೆಯನ್ನು ಕೆಡಿಸಿದನಂತೆ. ನಗು ಬರುವ ಮಾತು. ಆದರೆ ಅಂದು ಅದೇ ಗೆದ್ದಿತು. ಪ್ಲಂಕೆಟ್ಟರು ಬಿಡಲಿಲ್ಲ. ಆ್ಯಂಡರ್ಸನ್ ಎಂಬ ಕಾರ್ಯಕರ್ತರೂ ಫಾದರ್ ಫಿನ್ಲೆ ಎಂಬ ಕ್ಯಾಥೊಲಿಕ್ ಪಾದ್ರಿಗಳೂ ಜೊತೆಗೂಡಿದರು. ಲಿಮರಿಕ್ ಸೀಮೆಯಲ್ಲಿ ಒಂದೊಂದಾಗಿ ಸಂಘಗಳು ಎದ್ದವು. 1894ರಲ್ಲಿ ಅವುಗಳಿಗೊಂದು ಕೇಂದ್ರ ಸಂಸ್ಥೆಯೂ ಆಯಿತು. ಕೆಲವು ವರ್ಷಗಳಲ್ಲಿ ಸಂಘಗಳ ಸಂಖ್ಯೆ ನೂರನ್ನು ದಾಟಿ ಬೆಳೆಯಿತು. ಕವಿ ಜಾರ್ಜ್ ರಸೆಲ್ಲರು ಬೈಸಿಕಲ್ ಏರಿ ಹಳ್ಳಿಹಳ್ಳಿ ತಿರುಗಿ ಸಾಲದ ಸಂಘಗಳನ್ನು ಕಟ್ಟಿದ್ದು ಇವರ ಪ್ರೇರಣೆಯಿಂದಲೇ.

ರಾಜಕೀಯದಲ್ಲಿ ಮಾತ್ರ ಅವರಿಗೆ ಎರಡು ಕಡೆಯಿಂದಲೂ ಪೆಟ್ಟು. ಕೃಷಿ ಇಲಾಖೆಗೆ ರಾಷ್ಟ್ರೀಯ ಪಕ್ಷದವರೊಬ್ಬರನ್ನು ನೇಮಿಸಿದರೆಂದು ಸ್ವಪಕ್ಷದವರು ಸಿಟ್ಟಾದರು. 1900ರಲ್ಲಿ ಪಾರ್ಲಿಮೆಂಟಿನ ಸ್ಥಾನ ಹೋಯಿತು. 1904ರಲ್ಲಿ ಬರೆದ ಪುಸ್ತಕಕ್ಕಾಗಿ ಕ್ಯಾಥೊಲಿಕರು ಮುನಿದರು. 1907ರಲ್ಲಿ ಇಲಾಖೆಯನ್ನೂ ಬಿಡಬೇಕಾಯಿತು. 1920–21ರ ಗಲಭೆಯಲ್ಲಿ ಸರ್ಕಾರದ ಪಡೆಗಳೇ ಸೇಡಿಗಾಗಿ ಬೆಣ್ಣೆಯ ಕಾರ್ಖಾನೆಗಳನ್ನು ಸುಟ್ಟವು. ಹಾಲು ಹಾಕಿ ಜೀವಿಸುವ ಊರಿಗೆ ಅದು ಬೆಳೆದು ನಿಂತ ಪೈರನ್ನೇ ಸುಟ್ಟಂತೆ. ಇದನ್ನು ಓದುವಾಗ, ಯಾವ ಪಕ್ಷಕ್ಕೂ ಸೇರದ ಕೆಲಸಕ್ಕೆ ಇಷ್ಟು ಹಗೆಗಳೇಕೆಂದು ಆಶ್ಚರ್ಯವಾಗುತ್ತದೆ.

ಹೊಸ ರಾಜ್ಯ ಬಂದಾಗ ಪ್ಲಂಕೆಟ್ಟರು ಸೆನೆಟಿನ ಸದಸ್ಯರಾದರು. ಆ ಕಾರಣಕ್ಕೆ 1923ರ ಆರಂಭದಲ್ಲಿ, ಅವರು ದೇಶದಲ್ಲಿಲ್ಲದಾಗ, ಒಪ್ಪಂದದ ವಿರೋಧಿಗಳು ಡಬ್ಲಿನ್ ಬಳಿಯ ಅವರ ಮನೆಯನ್ನು ನಾಶಮಾಡಿದರು. ಆಮೇಲೆ ಅವರು ಇಂಗ್ಲೆಂಡಿನ ವೇಬ್ರಿಜ್‌ನಲ್ಲಿ ನೆಲೆಸಿದರು. ಮದುವೆಯಾಗಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತರು! 1932ರ ಮಾರ್ಚಿಯಲ್ಲಿ ತೀರಿಕೊಂಡರು. ಅವರು ಸ್ಥಾಪಿಸಿದ ಕೇಂದ್ರ ಸಂಸ್ಥೆ ಬೇರೆ ಹೆಸರಿನಿಂದ ಐರ್ಲೆಂಡಿನಲ್ಲಿ ಇಂದಿಗೂ ನಡೆಯುತ್ತಿದೆ.