ಕುರ್ಚಿಯನ್ನು ಚಿವುಟಿದ ನಾಲ್ಕು ಸಾಲು

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನಂಥವರ ಹರಟೆಯಲ್ಲಿ ಲಂಚ, ಶಿಫಾರಸು, ಕುರ್ಚಿ, ಸಂಬಳ ಇಲ್ಲದ ದಿನವಿಲ್ಲ. ಇವನ್ನೇ ಚುಟುಕದಲ್ಲಿ ಹಿಡಿದು ಚಿವುಟಿದವರು ನಮ್ಮ ಅಂಕೋಲೆಯ ದಿನಕರ ದೇಸಾಯಿ. ನಾಲ್ಕೇ ಸಾಲು, ಎರಡೆರಡಕ್ಕೆ ಪ್ರಾಸ. ಓದಿ ನಕ್ಕ ಮೇಲೆ ಎಲ್ಲೋ ಚುರುಕ್ ಎನ್ನುತ್ತದೆ. ಆದರೆ ಅವರನ್ನು ಬರೀ ಚುಟುಕ ಕವಿ ಎಂದು ನೆನೆದರೆ ಅರ್ಧ ಮನುಷ್ಯನೂ ಸಿಗುವುದಿಲ್ಲ.

ಹುಟ್ಟಿದ್ದು 1909ರಲ್ಲಿ. ಎಂ.ಎ., ಎಲ್‌ಎಲ್‌.ಬಿ. ಮುಗಿಸಿದವರು ಕರಿಕೋಟು ತೊಟ್ಟು ಚೆನ್ನಾಗಿ ಸಂಪಾದಿಸಬಹುದಿತ್ತು. ಹಾಗೆ ಮಾಡದೆ ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜ ಸೇರಿ, ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘದ ಕೆಲಸಕ್ಕಿಳಿದರು. ಆ ಕಾಲದಲ್ಲಿ ಹಡಗಿನ ನೌಕರಿ ಬೇಕೆಂದರೆ ಸಾರಂಗನಿಗೋ ದಲ್ಲಾಳಿಗೋ ಕೈಬಿಸಿ ಮಾಡಬೇಕಿತ್ತು. ಕಾಸಿಲ್ಲದವನು ಸಾಲ ಮಾಡಿ ಕೊಡುತ್ತಿದ್ದ. ತಿಂಗಳುಗಟ್ಟಲೆ ಸಮುದ್ರದಲ್ಲಿ ದುಡಿದು ಬಂದರೆ ಸಂಬಳ ಆ ಸಾಲಕ್ಕೇ ವಜಾ. ನೌಕರಿ ಹುಡುಕುವವನ ಕಷ್ಟ ದೇಸಾಯಿಯವರಿಗೆ ಪುಸ್ತಕದಿಂದ ತಿಳಿದದ್ದಲ್ಲ; ಭಾರತದ ಹಡಗು ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರೇ ಅವರು. ಅವರ ವ್ಯಂಗ್ಯದ ಬೇರು ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಊರಲ್ಲಿ ರೈತರ ಪರ ನಿಂತದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಮರಳಿ ಬಂದ ಮೇಲೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್, ಆಮೇಲೆ 'ಜನಸೇವಕ' ವಾರಪತ್ರಿಕೆ, ಹಳ್ಳಿಹಳ್ಳಿಗೆ ಜನತಾ ವಿದ್ಯಾಲಯಗಳು, 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು. 1967ರಲ್ಲಿ ಕಾಂಗ್ರೆಸ್ಸಿನ ಎದುರು ಪಕ್ಷೇತರರಾಗಿ ನಿಂತು ಲೋಕಸಭೆಗೂ ಹೋದರು.

ನನಗೆ ಮೋಜೆನಿಸುವುದು ಇದು: ಕುರ್ಚಿಯನ್ನು ಗೇಲಿ ಮಾಡಿದವರು ತಾವೂ ಕುರ್ಚಿಯಲ್ಲಿ ಕೂತಿದ್ದರು. ದುಡ್ಡಿನವರನ್ನು ಕೆಣಕಿದವರೇ ಶಾಲೆ ಕಟ್ಟಲು ದುಡ್ಡು ಕೂಡಿಸಬೇಕಿತ್ತು, ಮಾಸ್ತರರ ಸಂಬಳದ ಚಿಂತೆ ಮಾಡಬೇಕಿತ್ತು. ಹೊರಗೆ ನಿಂತು ಕಲ್ಲೆಸೆಯುವವರ ಸಿಟ್ಟು ಅವರ ಚೌಪದಿಗಳಲ್ಲಿ ಇಲ್ಲದಿರುವುದು ಅದಕ್ಕೇ ಇರಬೇಕು. ಕಚೇರಿಯ ಒಳಗನ್ನು ಬಲ್ಲವರ ತುಂಟತನ ಅದು. ತಮ್ಮನ್ನೂ ಅವರು ಬಿಟ್ಟವರಲ್ಲ.

1982ರಲ್ಲಿ ತೀರಿಕೊಂಡರು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜು ಅವರ ಟ್ರಸ್ಟಿನದೇ. ಅಲ್ಲಿ ಡೆಬಿಟ್ಟು-ಕ್ರೆಡಿಟ್ಟು ಕಲಿತು ಬ್ಯಾಂಕಿನ ಕೌಂಟರಿನಲ್ಲಿ ಕೂತವರು ನಮ್ಮ ಕೇರಿಯಲ್ಲೇ ಇದ್ದಾರೆ. ಅವರಲ್ಲೊಬ್ಬರಿಗೆ ದೇಸಾಯಿಯವರ ಚುಟುಕಗಳು ಹತ್ತಾರು ಬಾಯಿಪಾಠ.