ವೇರೂಳಿನ ಕನ್ನರ

ವಿದ್ಯಾರ್ಥಿಗಳೇ, ವೇರೂಳಿನ ಕೈಲಾಸ ದೇವಾಲಯವನ್ನು ಕಂಡು ಬೆರಗಾಗದವರಿಲ್ಲ. ಆದರೆ ಅದನ್ನು ಕಡೆಯಿಸಿದ ಅರಸನನ್ನು ನೆನೆಯುವವರು ವಿರಳ. ಅವನು ರಾಷ್ಟ್ರಕೂಟ ವಂಶದ ಒಂದನೆಯ ಕೃಷ್ಣ; ಕನ್ನಡದ ಬಾಯಲ್ಲಿ ಕನ್ನರ.

ರಾಷ್ಟ್ರಕೂಟರು ಮೊದಲು ಬಾದಾಮಿ ಚಾಲುಕ್ಯರ ಸಾಮಂತರಾಗಿದ್ದರು. ಕೃಷ್ಣನ ಅಣ್ಣನ ಮಗನಾದ ದಂತಿದುರ್ಗನು ಒಡೆಯನ ಮೇಲೆಯೇ ತಿರುಗಿಬಿದ್ದು ಗೆದ್ದನು. ಅವನು ಮಕ್ಕಳಿಲ್ಲದೆ ತೀರಿಕೊಳ್ಳಲು, ಸುಮಾರು 756ರಲ್ಲಿ ಚಿಕ್ಕಪ್ಪನಾದ ಕೃಷ್ಣನೇ ಪಟ್ಟವೇರಿದನು. ಕೆಲವೇ ದಿನಗಳಲ್ಲಿ ಇಮ್ಮಡಿ ಕೀರ್ತಿವರ್ಮನೊಡನೆ ಚಾಲುಕ್ಯರ ಆ ಅರಸುತನ ಅಳಿಯಿತು.

ಗೆದ್ದ ನಾಡುಗಳನ್ನು ಏನು ಮಾಡಬೇಕು? ರೋಮನರು ತಮ್ಮ ಅಧಿಕಾರಿಗಳನ್ನು ಕಳುಹಿಸಿ ಆಳಿದರು. ಕಡೆಗೆ 212ರಲ್ಲಿ ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಿಗೆಲ್ಲ ಪೌರತ್ವವಿತ್ತರು. ಕೃಷ್ಣನ ಮಾರ್ಗ ಬೇರೆ. ದಕ್ಷಿಣ ಕೊಂಕಣವನ್ನು ಅವನು ಶಿಲಾಹಾರ ಸಣಫುಲ್ಲನಿಗೆ ವಹಿಸಿದನು. 768ರಲ್ಲಿ ಗಂಗರ ಮಣ್ಣೆಯಲ್ಲಿಯೇ ಬೀಡುಬಿಟ್ಟಿದ್ದರೂ ಗಂಗ ಶ್ರೀಪುರುಷನ ವಂಶವನ್ನು ಕಿತ್ತೆಸೆಯಲಿಲ್ಲ. ಯುವರಾಜ ಗೋವಿಂದನ ದಂಡಿಗೆ ವೆಂಗಿಯ ಅರಸನು ಮಣಿದನು. ಅವನ ಮಗಳು ಶೀಲಮಹಾದೇವಿ ಕೃಷ್ಣನ ಕಿರಿಯ ಮಗ ಧ್ರುವನ ರಾಣಿಯಾದಳು. ಸೋತವನ ಗದ್ದುಗೆ ಉಳಿಯಿತು, ಕಪ್ಪಕಾಣಿಕೆ ಮಾತ್ರ ಗೆದ್ದವನಿಗೆ ಸಂದಿತು. ಇದರಿಂದ ಸೋತವರ ಮನಸ್ಸು ಒಲಿಯಿತೆಂದು ತಿಳಿಯಬೇಡಿರಿ. ಮುಂದೆ ವೆಂಗಿಯ ಇಮ್ಮಡಿ ವಿಜಯಾದಿತ್ಯನು ರಾಷ್ಟ್ರಕೂಟರೊಡನೆಯೂ ಗಂಗರೊಡನೆಯೂ 12 ವರ್ಷಗಳಲ್ಲಿ 108 ಕಾಳಗಗಳನ್ನು ಕಾದಿದನೆಂದು ಅವನ ವಂಶದ ಶಾಸನಗಳು ಸಾರುತ್ತವೆ!

ಇನ್ನು ಕೈಲಾಸದ ಮಾತು. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಹಿಂದೆ ಕಂಚಿಯನ್ನು ಗೆದ್ದಾಗ ಅಲ್ಲಿಯ ಕೈಲಾಸನಾಥನ ಸಂಪತ್ತನ್ನು ದೋಚದೆ ದೇವರಿಗೇ ಮರಳಿಸಿ, ಅದನ್ನು ಅಲ್ಲಿಯೇ ಕನ್ನಡದಲ್ಲಿ ಕೆತ್ತಿಸಿದ್ದನು. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಸೋತ ಪಲ್ಲವರ ಶಿಲ್ಪದ ಛಾಯೆಯಿದೆ. ಚಾಲುಕ್ಯರೂ ಸೋತ ಮೇಲೆ ಅದೇ ವಿರೂಪಾಕ್ಷದ ವಿನ್ಯಾಸ ವೇರೂಳಿಗೆ ಬಂದಿತು: ಮುಂದೆ ದ್ವಾರ, ನಂದಿಮಂಟಪ, ಸಭಾಮಂಟಪ, ಒಳಗೆ ಗರ್ಭಗುಡಿ. ಎರಡು ಸಲವೂ ಗೆದ್ದವರು ಸೋತವರಿಂದ ಕಲಿತರು. ಆದರೆ ಇಲ್ಲಿ ಕಲ್ಲಿನ ಮೇಲೆ ಕಲ್ಲಿಡಲಿಲ್ಲ. ಬೆಟ್ಟವನ್ನೇ ನೆತ್ತಿಯಿಂದ ಕೆಳಕ್ಕೆ ಸುಮಾರು 100 ಅಡಿ ಕಡಿಯುತ್ತ ಬಂದರು. ಉಳಿಯೊಂದು ತಪ್ಪಿದರೆ ಹೋದ ಚೂರನ್ನು ಮರಳಿ ಅಂಟಿಸುವಂತಿರಲಿಲ್ಲ.

ಕೃಷ್ಣನು ಸುಮಾರು 774ರವರೆಗೆ ಆಳಿದನು. ಅವನ ಮರಿಮಗ ಕರ್ಕನು 812ರಲ್ಲಿ ಹೊರಡಿಸಿದ ಬರೋಡಾದ ತಾಮ್ರಪಟದಲ್ಲಿ ಈ ಗುಡಿಯ ವರ್ಣನೆಯಿದೆ. ದೇವತೆಗಳು ಬೆರಗಾದರಂತೆ, ಕಡೆದ ಶಿಲ್ಪಿಯೂ ತಾನಿದನ್ನು ಹೇಗೆ ಮಾಡಿದೆನೋ ಎಂದು ಅಚ್ಚರಿಗೊಂಡನಂತೆ. ಆ ಶಿಲ್ಪಿಯ ಹೆಸರನ್ನು ಮಾತ್ರ ತಾಮ್ರಪಟವು ಹೇಳುವುದಿಲ್ಲ.